ದನದ ಹಲ್ಲು ಎಣಿಸಲು ಬಾರದ ಪ್ರಮಾಣಪತ್ರ

ಬೀದರ ಜಿಲ್ಲೆ ಬಸವಕಲ್ಯಾಣ ತಾಲ್ಲೂಕಿನ ಮಂಠಾಳ ಮಲೆನಾಡಿನ ಊರಲ್ಲ. ಅಲ್ಲಿ ಅಡಿಕೆ ತೋಟವಿಲ್ಲ, ಉಂಬಳದ ಕಾಟವಿಲ್ಲ, ಬಿಡದೆ ಸುರಿಯುವ ಆಷಾಢವೂ ಇಲ್ಲ. ತೊಗರಿ, ಉದ್ದು, ಸೋಯಾಬೀನ್, ಜೋಳ ಬೆಳೆಯುವ ನೆಲ. ನಡುನಡುವೆ ಕೆಂಪು ಮುರಕಲ್ಲಿನ ದಿಣ್ಣೆ. ಆಚೆಗೆ ಸ್ವಲ್ಪ ದೂರ ಸಾಗಿದರೆ ಮಹಾರಾಷ್ಟ್ರ. ಆದರೂ ಬೆಟ್ಟದ ಹಳ್ಳಿಗಳವರು ಓದುವ ಪತ್ರಿಕೆಯಲ್ಲಿ ಮಂಠಾಳದ ಮಾತು ಬರುವುದಕ್ಕೆ ಕಾರಣವಿದೆ. ದನ, ಕುರಿ, ಮೇಕೆಗಳ ಆರೈಕೆಯನ್ನು ಹಳ್ಳಿಯ ಮಕ್ಕಳಿಗೆ ಒಂದು ಕಸುಬಾಗಿ ಕಲಿಸುವ ವಿಷಯದಲ್ಲಿ ಆಳುವವರು ಎಷ್ಟು ಅನ್ಯಮನಸ್ಕರಾಗಿದ್ದಾರೆ ಎಂಬುದನ್ನು ಅರಿಯಲು ಅದಕ್ಕಿಂತ ತಕ್ಕ ಜಾಗ ರಾಜ್ಯದಲ್ಲಿ ಇನ್ನೊಂದು ಸಿಗಲಾರದು.

ಏಕೆಂದರೆ ರಾಜ್ಯಕ್ಕೆಲ್ಲ ಇರುವ ಒಂದೇ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇರುವುದು ಅದೇ ಜಿಲ್ಲೆಯಲ್ಲಿ. 2004ರ ಕಾಯ್ದೆಯಂತೆ ರೂಪುಗೊಂಡ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಬೀದರದ ನಂದಿನಗರ. ಭಾಲ್ಕಿ ತಾಲ್ಲೂಕಿನ ಕಟ್ಟಿತೂಗಾಂವದಲ್ಲಿ ದೇವಣಿ ತಳಿಗೆಂದೇ ಸಂಶೋಧನಾ ಕೇಂದ್ರವಿದೆ. ಮೈಯೆಲ್ಲ ಬೆಳ್ಳಗಿದ್ದು ಮುಖದಲ್ಲಿ ಕಪ್ಪು ಇದ್ದರೆ ವಾನ್ನೇರ, ಹೊಟ್ಟೆಯ ಕೆಳಭಾಗದಲ್ಲಿ ಕಪ್ಪು ಚುಕ್ಕೆಗಳಿದ್ದರೆ ಬಾಲಂಕ್ಯ, ಮೈತುಂಬ ಅಡ್ಡಾದಿಡ್ಡಿ ಕಪ್ಪು ಮಚ್ಚೆಗಳಿದ್ದರೆ ಶೇವರ ಎಂದು ದೇವಣಿಯನ್ನು ಮೂರು ಬಗೆಯಾಗಿ ಗುರುತಿಸುವ ವಿದ್ಯೆ ಪುಸ್ತಕದಿಂದ ಹುಟ್ಟಿದ್ದಲ್ಲ, ಆ ಸೀಮೆಯ ದನಗಾಹಿಗಳ ಬಾಯಿಂದ ಪುಸ್ತಕಕ್ಕೆ ಹೋದದ್ದು. ಬೀದರಿ ಎಂಬ ಹೆಸರಿನ ಮೇಕೆಯೂ ದೇಶದ ತಳಿಗಳ ಪಟ್ಟಿಯಲ್ಲಿ ಸ್ಥಾನ ಪಡೆದಿದೆ. ವಿಶ್ವವಿದ್ಯಾಲಯವಿದೆ, ತಳಿಯಿದೆ, ತಿಳಿದವರಿದ್ದಾರೆ. ಹೀಗಿದ್ದೂ ಹತ್ತನೆಯ ತರಗತಿಯನ್ನು ಅರ್ಧಕ್ಕೆ ಬಿಟ್ಟ ಆ ಸೀಮೆಯ ಹುಡುಗ ದನಕರುಗಳ ನಡುವೆಯೇ ಬದುಕು ಕಟ್ಟಿಕೊಳ್ಳಲು ಬಯಸಿದರೆ ಅವನ ಮುಂದಿರುವ ದಾರಿ ಯಾವುದು? ಹುಮನಾಬಾದಿಗೆ ಹೋಗಿ ಪುಣೆಯ ಅಥವಾ ಹೈದರಾಬಾದಿನ ಬಸ್ಸು ಹತ್ತುವುದು. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಕೌಶಲ ತರಬೇತಿಯಿಲ್ಲವೇ ಎಂದು ಕೇಳುವವರಿದ್ದಾರೆ. ಇದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಪಟ್ಟಿಯಲ್ಲಿ ಹೈನುಗಾರ, ಕೋಳಿ ಸಾಕಣೆದಾರ, ಪ್ರಾಣಿ ಆರೋಗ್ಯ ಕಾರ್ಯಕರ್ತ ಮೊದಲಾದ ಕಸುಬುಗಳ ಹೆಸರುಗಳಿವೆ. ತರಬೇತಿಯನ್ನು ಗಂಟೆಗಳಲ್ಲಿ ಅಳೆಯುತ್ತಾರೆ, ಹಾಜರಾತಿಗೆ ಹೆಬ್ಬೆಟ್ಟು ಒತ್ತಿಸುತ್ತಾರೆ, ಕೊನೆಗೆ ಬಣ್ಣದ ಪ್ರಮಾಣಪತ್ರ ಕೊಡುತ್ತಾರೆ. ಆದರೆ ಗೋಡೆಯ ಮೇಲೆ ಬಿದ್ದ ಚಿತ್ರವನ್ನು ನೋಡಿ ಕೆಚ್ಚಲು ಬಾವು ಕಲಿಯಲಾಗದು. ಕೆಚ್ಚಲಿನ ಬಿಸಿಯನ್ನು ಅಂಗೈ ಅರಿಯಬೇಕು. ಮೊದಲ ನಾಲ್ಕು ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಹಿಂಡಿ ಹಾಲಿನಲ್ಲಿ ಗರಣೆ ಕಟ್ಟಿದೆಯೇ ಎಂದು ಕಣ್ಣು ನೋಡಬೇಕು. ಒದೆಯುವ ಎಮ್ಮೆಯ ಪಕ್ಕದಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನು ಕಾಲು ಕಲಿಯಬೇಕು. ದನದ ಬಾಯಿ ಬಿಡಿಸಿ ಹಲ್ಲು ಎಣಿಸಿ ವಯಸ್ಸು ಹೇಳಲು ಬಾರದವನ ಕೈಗೆ ಪ್ರಾಣಿ ಆರೋಗ್ಯದ ಪ್ರಮಾಣಪತ್ರ ಬಂದರೆ ಅದು ಯಾರಿಗೆ ಬೇಕಾದ ಕಾಗದ? ಕೊಟ್ಟ ಸಂಸ್ಥೆಯ ಲೆಕ್ಕಕ್ಕೆ ಬೇಕಾದ ಕಾಗದ.

ಇದಕ್ಕಿಂತ ದೊಡ್ಡ ವಂಚನೆ ಕಾನೂನಿನ ಮರೆಯಲ್ಲಿದೆ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ 30ನೆಯ ಪ್ರಕರಣದಂತೆ ನೋಂದಾಯಿತ ಪಶುವೈದ್ಯರಲ್ಲದವರು ಚಿಕಿತ್ಸೆ ಮಾಡುವಂತಿಲ್ಲ. ಲಸಿಕೆ ಹಾಕುವುದು, ಬೀಜ ಒಡೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಮುಂತಾದ ಕಿರು ಸೇವೆಗಳಿಗೆ ಮಾತ್ರ ಒಂದು ವಿನಾಯಿತಿಯಿದೆ: ಪಶುಪಾಲನಾ ಇಲಾಖೆಯೋ ಪಶುವೈದ್ಯಕೀಯ ಸಂಸ್ಥೆಯೋ ನೀಡಿದ ಡಿಪ್ಲೊಮಾ ಅಥವಾ ಪ್ರಮಾಣಪತ್ರ ಇರುವವರಿಗೆ ರಾಜ್ಯ ಸರ್ಕಾರ ಆದೇಶದ ಮೂಲಕ ಅನುಮತಿ ನೀಡಬಹುದು, ಅವರು ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಬಹುದು. ಇದರ ಅರ್ಥವೇನು? ಕೌಶಲ ಮಂಡಳಿಯ ಕಾಗದವೊಂದನ್ನೇ ನಂಬಿ ಊರಿಗೆ ಮರಳಿದ ಹುಡುಗ ನೆರೆಮನೆಯ ಮೇಕೆಗೆ ಒಂದು ಲಸಿಕೆ ಚುಚ್ಚಿದರೂ ಕಾಯ್ದೆಯ ಕಣ್ಣಿನಲ್ಲಿ ತಪ್ಪಿತಸ್ಥನಾಗಬಹುದು. ಕಲಿಸಿದ್ದೂ ಸರ್ಕಾರವೇ, ಕಲಿತದ್ದನ್ನು ಮಾಡಬಾರದೆನ್ನುವುದೂ ಸರ್ಕಾರವೇ. ಹಾಗಾದರೆ ಅವನಿಗೆ ಉಳಿಯುವ ಕೆಲಸ ನಗರದ ಕೋಳಿ ಫಾರಂನಲ್ಲಿ ಹಿಕ್ಕೆ ಬಳಿಯುವುದು, ಇಲ್ಲವೇ ಶ್ರೀಮಂತರ ನಾಯಿಗೆ ಸ್ನಾನ ಮಾಡಿಸುವುದು. ಆ ಕೆಲಸಗಳು ಕೀಳೆಂದಲ್ಲ. ಅವನ್ನು ಕಲಿಯಲು ಮಂಠಾಳದ ಹುಡುಗ ದೇವಣಿಯ ನಾಡನ್ನು ಬಿಟ್ಟು ಹೋಗಬೇಕಾಗಿ ಬರುವುದು ಕೀಳು.

ಪಶುವೈದ್ಯರಲ್ಲಿ ಹಲವರು ಈ ವಾದವನ್ನು ಒಪ್ಪುವುದಿಲ್ಲ. ಅರೆಬರೆ ಕಲಿತವರ ಕೈಗೆ ಸೂಜಿ ಕೊಟ್ಟರೆ ನಕಲಿ ವೈದ್ಯರ ದಂಡೇ ಹುಟ್ಟುತ್ತದೆ ಎಂಬುದು ಅವರ ಅಂಜಿಕೆ. ಈ ಅಂಜಿಕೆಯನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ರಣಹದ್ದುಗಳ ಕಥೆಯೇ ಅದಕ್ಕೆ ಸಾಕ್ಷಿ. ದನಗಳ ನೋವಿಗೆ, ಬಾವಿಗೆ ಊರೂರಲ್ಲಿ ಸಲೀಸಾಗಿ ಚುಚ್ಚುತ್ತಿದ್ದ ಡೈಕ್ಲೋಫೆನಾಕ್ ಔಷಧ, ಆ ದನ ಸತ್ತ ಮೇಲೆ ಅದರ ಮಾಂಸ ತಿಂದ ಹದ್ದಿನ ಮೂತ್ರಪಿಂಡವನ್ನು ಕೊಲ್ಲುತ್ತದೆಂದು 2004ರಲ್ಲಿ ವಿಜ್ಞಾನಿಗಳು ಖಚಿತಪಡಿಸಿದರು. ಅಷ್ಟರಲ್ಲಿ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತಲೂ ಹೆಚ್ಚು ಇಲ್ಲವಾಗಿದ್ದವು. 2006ರಲ್ಲಿ ದನಗಳಿಗೆ ಅದರ ಬಳಕೆಯನ್ನು ನಿಷೇಧಿಸಲಾಯಿತು. ಮನುಷ್ಯರಿಗೆಂದು ತಯಾರಾದ ದೊಡ್ಡ ಸೀಸೆಗಳು ದನದ ಕೊಟ್ಟಿಗೆಗೆ ನುಸುಳುವುದು ನಿಲ್ಲದ್ದರಿಂದ 2015ರಲ್ಲಿ ಸೀಸೆಯ ಅಳತೆಯನ್ನು 3 ಮಿಲಿ ಲೀಟರಿಗೆ ಇಳಿಸಬೇಕಾಯಿತು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್‌ಗಳಿಗೂ ದನಗಳ ಚಿಕಿತ್ಸೆಯಲ್ಲಿ ನಿಷೇಧ ಬಂತು.

ಆದರೆ ಈ ಕಥೆಯಿಂದ ಹೊರಡುವ ತೀರ್ಮಾನ ವೈದ್ಯರು ಹೇಳುವುದರ ನೇರ ವಿರುದ್ಧದ್ದು. ಸೂಜಿ ಹಳ್ಳಿಗೆ ಯಾವತ್ತೋ ಬಂದಾಗಿದೆ. ಔಷಧಿ ಅಂಗಡಿಯ ಕಟ್ಟೆಯಲ್ಲಿ ನಿಂತು ಹೆಸರು ಕೇಳಿ ಕೊಂಡು, ಯಾರ ಮೇಲ್ವಿಚಾರಣೆಯೂ ಇಲ್ಲದೆ ಚುಚ್ಚುವವರು ಯಾವ ಸೀಮೆಯಲ್ಲಿ ಇಲ್ಲ? ಐದು ಸಾವಿರ ಜಾನುವಾರು ಘಟಕಕ್ಕೆ ಒಬ್ಬ ಪಶುವೈದ್ಯ ಬೇಕೆಂದು ರಾಷ್ಟ್ರೀಯ ಕೃಷಿ ಆಯೋಗ 1976ರಲ್ಲೇ ಹೇಳಿತ್ತು. ಅಷ್ಟು ವೈದ್ಯರೇ ಇದ್ದರೂ ರಾತ್ರಿ ಎರಡು ಗಂಟೆಗೆ ಕರು ಅಡ್ಡ ತಿರುಗಿ ನಿಂತಾಗ ತಾಂಡಾದ ಬಾಗಿಲಿಗೆ ಬರುವವರು ಯಾರು? ಮೆಲಾಕ್ಸಿಕ್ಯಾಂ ಹದ್ದಿಗೆ ಹಾನಿ ಮಾಡದೆಂದು ತಿಳಿದ, ಯಾವ ಔಷಧ ತನ್ನ ಕೈಗೆ ಸೇರಿದ್ದಲ್ಲವೆಂದೂ ತಿಳಿದ ಒಬ್ಬ ಸಹಾಯಕಿ ಊರಲ್ಲೇ ಇದ್ದರೆ ನಕಲಿ ವೈದ್ಯನ ಅಂಗಡಿ ತಾನಾಗಿ ಮುಚ್ಚುತ್ತದೆ. ತರಬೇತಿ ನಿರಾಕರಿಸಿದ ಕಡೆ ಅವನ ವ್ಯಾಪಾರ ನಡೆಯುತ್ತದೆ.

ಈ ತರಬೇತಿಯಲ್ಲಿ ಕಲಿಯಬೇಕಾದದ್ದು ಕಡಿಮೆಯೇನಲ್ಲ. ಕಂದು ರೋಗವನ್ನೇ ತೆಗೆದುಕೊಳ್ಳಬಹುದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಬೇನೆಯ ಜೊತೆ ಇದಕ್ಕೂ ಲಸಿಕೆ ಸೇರಿದೆ. ನಾಲ್ಕರಿಂದ ಎಂಟು ತಿಂಗಳೊಳಗಿನ ಹೆಣ್ಣುಗರುಗಳಿಗೆ ಮಾತ್ರ ಅದನ್ನು ಹಾಕಬೇಕು, ಗಬ್ಬದ ದನಕ್ಕೆ ಹಾಕಬಾರದು. ಅದರಲ್ಲಿರುವುದು ಜೀವಂತ ರೋಗಾಣು. ಕೈಜಾರಿ ಹಾಕುವವನ ಬೆರಳಿಗೆ ಚುಚ್ಚಿದರೆ ಅವನೇ ತಿಂಗಳುಗಟ್ಟಲೆ ಬಿಟ್ಟುಬಿಟ್ಟು ಬರುವ ಜ್ವರದಿಂದ, ಕೀಲುನೋವಿನಿಂದ ನರಳಬೇಕಾದೀತು. ಕಂದು ಹಾಕಿದ ಹಸುವಿನ ಮಾಸನ್ನು ಬರಿಗೈಯಲ್ಲಿ ಎಳೆದು ತಿಪ್ಪೆಗೆ ಎಸೆಯುವ ರೂಢಿ ಎಷ್ಟು ಮನೆಗಳಲ್ಲಿ ಇನ್ನೂ ಇದೆ! ಹಾಗೆಯೇ ಮೇಕೆಗಳ ಪಿಪಿಆರ್ ಲಸಿಕೆಯ ಪುಡಿಯನ್ನು ದ್ರಾವಣದಲ್ಲಿ ಕರಗಿಸಿದ ಮೇಲೆ ಸ್ವಲ್ಪ ಹೊತ್ತಿನಲ್ಲೇ ಬಳಸಿ ಮುಗಿಸಬೇಕು. ಮಂಜುಗಡ್ಡೆ ಕರಗಿದ ಪೆಟ್ಟಿಗೆಯನ್ನು ಹೊತ್ತು ಬಿಸಿಲಲ್ಲಿ ಹತ್ತು ಮನೆ ಸುತ್ತಿದರೆ ಚುಚ್ಚಿದ್ದು ಬರೀ ನೀರು. ಇದ್ದಕ್ಕಿದ್ದಂತೆ ಸತ್ತ ದನದ ಮೂಗಿನಿಂದಲೋ ಗುದದಿಂದಲೋ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿದಿದ್ದರೆ ಅದನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು, ಹೊಳೆಗೆ ತಳ್ಳಬಾರದು. ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು, ಏಕೆಂದರೆ ಅಂಥ್ರಾಕ್ಸ್‌ನ ಬೀಜಾಣು ಮಣ್ಣಿನಲ್ಲಿ ದಶಕಗಟ್ಟಲೆ ಕಾದಿರುತ್ತದೆ. ಇಷ್ಟನ್ನು ಅರಿತವಳು ಹಳ್ಳಿಯ ದನಗಳನ್ನಷ್ಟೇ ಅಲ್ಲ, ಮನುಷ್ಯರನ್ನೂ ಮಣ್ಣನ್ನೂ ಕಾಯುತ್ತಾಳೆ.

2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ಹರಡಿದಾಗ ಆದದ್ದನ್ನು ನೆನೆಯಬೇಕು. ಆ ವೈರಾಣುವನ್ನು ಕೊಲ್ಲುವ ಔಷಧವಿರಲಿಲ್ಲ, ಈಗಲೂ ಇಲ್ಲ. ಗಂಟು ಒಡೆದ ಹುಣ್ಣನ್ನು ತೊಳೆದು, ಬೇವಿನ ಎಣ್ಣೆ ಸವರಿ, ನೊಣ ಕೂರದಂತೆ ಹೊಗೆ ಹಾಕಿ, ನುಂಗಲಾರದ ದನಕ್ಕೆ ಗಂಜಿ ಕುಡಿಸಿ ಉಳಿಸಿಕೊಂಡವರು ಮನೆಯ ಹೆಂಗಸರು. ಅಂದರೆ ಆರೈಕೆಯೇ ಅಲ್ಲಿ ಚಿಕಿತ್ಸೆಯಾಗಿತ್ತು. ಆ ಆರೈಕೆಗೆ ಸಂಬಳವಿಲ್ಲ, ಹೆಸರಿಲ್ಲ, ಯಾವ ದಾಖಲೆಯಲ್ಲೂ ಜಾಗವಿಲ್ಲ.

ಓದುಬರಹ ಬಾರದವರಿಗೆ ಈ ವಿದ್ಯೆ ಹತ್ತುವುದಿಲ್ಲ ಎಂಬ ಮಾತೂ ಕೇಳಿಬರುತ್ತದೆ. ದೊಡ್ಡರೋಗ ಎಂದು ಹಳಬರು ನಡುಗುತ್ತಿದ್ದ ರಿಂಡರ್‌ಪೆಸ್ಟ್ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಣೆಯಾಯಿತು. ಮನುಷ್ಯ ಸಂಪೂರ್ಣವಾಗಿ ಅಳಿಸಿಹಾಕಿದ ಎರಡನೆಯ ರೋಗ ಅದು. ಅದರ ಕೊನೆಯ ಬೇರುಗಳು ಉಳಿದಿದ್ದದ್ದು ಇಥಿಯೋಪಿಯಾದ ಅಫಾರ್, ಉಗಾಂಡದ ಕರಮೋಜ, ದಕ್ಷಿಣ ಸೂಡಾನ್ ಮುಂತಾದ, ರಸ್ತೆಯಿಲ್ಲದ, ಕಾದಾಟ ನಿಲ್ಲದ, ವೈದ್ಯರು ಕಾಲಿಡದ ಸೀಮೆಗಳಲ್ಲಿ. ತೊಂಬತ್ತರ ದಶಕದಲ್ಲಿ ಬಿಸಿಲು ತಾಳುವ ಲಸಿಕೆ ಸಿದ್ಧವಾದಾಗ ಅದನ್ನು ಹೆಗಲಿಗೇರಿಸಿಕೊಂಡು ಹಿಂಡಿನ ಹಿಂದೆ ನಡೆದವರು ಕೆಲವೇ ವಾರಗಳ ತರಬೇತಿ ಪಡೆದ ದನಗಾಹಿಗಳು. ಅವರಲ್ಲಿ ಅಕ್ಷರ ಬಲ್ಲವರು ಕಡಿಮೆ; ರೋಗ ಬಲ್ಲವರು ಎಲ್ಲರೂ. ಅಷ್ಟು ದೂರ ಹೋಗುವುದೂ ಬೇಡ. 1992ರಲ್ಲಿ ಪಶುವೈದ್ಯೆಯರು ಕಟ್ಟಿದ ಆಂಥ್ರಾ ಸಂಸ್ಥೆ ಆಂಧ್ರ ಹಾಗೂ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಹೆಂಗಸರನ್ನು ಪಶು ಆರೋಗ್ಯ ಕಾರ್ಯಕರ್ತೆಯರನ್ನಾಗಿ ತಯಾರು ಮಾಡಿ, ಅವರಲ್ಲಿದ್ದ ಮನೆಮದ್ದಿನ ತಿಳಿವನ್ನೂ ಪರೀಕ್ಷಿಸಿ ದಾಖಲಿಸಿತು. ಆಗ ಬೀದರದ ಎರಡು ದಿಕ್ಕಿಗೂ ಇದ್ದ ಆ ರಾಜ್ಯಗಳ ಅನುಭವ ನಂದಿನಗರದ ಪಾಠಪಟ್ಟಿಗೆ ಮಾತ್ರ ದೂರವೇಕೆ?

ಮಲೆನಾಡಿನವರು ಇದನ್ನು ಬಯಲುಸೀಮೆಯ ಗೋಳೆಂದು ಪುಟ ತಿರುವಬಾರದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಯ ಉಣುಗುಗಳಿಗೆ ಕಾಡಿನಲ್ಲಿ ಮೇಯುವ ದನವೂ ಆಸರೆ. ಮಂಗ ಸತ್ತಾಗ ಇಲಾಖೆ ಓಡಿ ಬರುತ್ತದೆ. ದಿನವೂ ಸಂಜೆ ಕೊಟ್ಟಿಗೆಗೆ ಮರಳುವ ಗಿಡ್ಡ ದನದ ಕಿವಿಯ ಒಳಗೆ, ಬಾಲದ ಬುಡದಲ್ಲಿ ಉಣುಗು ನೋಡುವವರು ಯಾರು? ಸಕ್ರೆಬೈಲಿನಲ್ಲಿ, ದುಬಾರೆಯಲ್ಲಿ ಕಾವಾಡಿಯ ಮಗ ಆನೆಯ ಕಾಲ ಬುಡದಲ್ಲೇ ಬೆಳೆದು, ಸೊಪ್ಪು ತಂದು, ಮೈ ತಿಕ್ಕಿ, ವರ್ಷಗಳ ಮೇಲೆ ಮಾವುತನಾಗುತ್ತಾನೆ. ಪ್ರಾಣಿಯ ಆರೈಕೆಯನ್ನು ಕಲಿಸುವ ಶಾಲೆ ಎಂದರೆ ಅದು. ಗೋಡೆಯಿಲ್ಲದ್ದರಿಂದ ಸರ್ಕಾರದ ಕಣ್ಣಿಗೆ ಅದು ಶಾಲೆಯಾಗಿ ತೋರಿಲ್ಲ, ಅಷ್ಟೆ.

ಬೇಕಾಗಿರುವುದು ಹೊಸ ಕಟ್ಟಡವಲ್ಲ. ಕಟ್ಟಿತೂಗಾಂವದ ಹಿಂಡು ಇದೆ, ಪಶು ಚಿಕಿತ್ಸಾಲಯಗಳಿವೆ, ಪಶುಸಖಿಯರೆಂದು ಸ್ವಸಹಾಯ ಗುಂಪುಗಳಿಂದ ಆರಿಸಿದ ಹೆಂಗಸರಿದ್ದಾರೆ. ವಿಶ್ವವಿದ್ಯಾಲಯ ವರ್ಷವೊಂದರ ತರಬೇತಿಯನ್ನು ರೂಪಿಸಲಿ: ಮೂರು ತಿಂಗಳು ಹಿಂಡಿನ ನಡುವೆ, ಮೂರು ತಿಂಗಳು ಚಿಕಿತ್ಸಾಲಯದಲ್ಲಿ, ಉಳಿದದ್ದು ತಮ್ಮದೇ ಊರಿನಲ್ಲಿ ವೈದ್ಯರ ಕಣ್ಗಾವಲಿನಲ್ಲಿ. ಪ್ರವೇಶಕ್ಕೆ ಹತ್ತನೆಯ ತರಗತಿಯ ಗೋಡೆ ಬೇಡ. ಕುರಿ ಕಾಯ್ದ ವರ್ಷಗಳು ಅರ್ಹತೆಯಾಗಲಿ. ಕುರುಬರ, ಲಂಬಾಣಿಗಳ ಹಿರಿಯರು ಗೌರವಧನ ಪಡೆಯುವ ಬೋಧಕರಾಗಲಿ. ಪರೀಕ್ಷೆ ಕಾಗದದ ಮೇಲೆ ನಡೆಯದೆ ಕೊಟ್ಟಿಗೆಯಲ್ಲಿ ನಡೆಯಲಿ. ಮುಖ್ಯವಾಗಿ, ಪ್ರಮಾಣಪತ್ರದ ಜೊತೆಗೇ 30ನೆಯ ಪ್ರಕರಣದ ಅನುಮತಿ ಆದೇಶ ಹೊರಡಲಿ, ಹಾಕಿದ ಲಸಿಕೆಗೆ ತಕ್ಕ ಕೂಲಿಯಲ್ಲ, ತಿಂಗಳ ಸಂಬಳ ನಿಗದಿಯಾಗಲಿ. ಮುಂದಿನ ಗ್ರಾಮಸಭೆಯಲ್ಲಿ ಬರೆಸಬೇಕಾದ ಠರಾವು ಇದೊಂದೇ; ಮಂಠಾಳದಲ್ಲಿ ಬರೆದ ಠರಾವನ್ನು ಸೊರಬದಲ್ಲಿಯೂ ಬರೆಯಬಹುದು, ದನದ ಹೆಸರೊಂದನ್ನು ಬದಲಿಸಿದರಾಯಿತು.