ಕೂಲಿ ಮುಗಿದ ಮೇಲೆ ಉಳಿಯುವುದು

ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ನದಿಯು ತುಮಕೂರು, ಗುಬ್ಬಿ ಸೀಮೆಗಳನ್ನು ಹಾದು, ಕಡಬದ ದೊಡ್ಡ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಒಂದು ಅಣೆಕಟ್ಟೆಗೆ ಬಂದು ನಿಲ್ಲುತ್ತದೆ. ನಡುವೆ 139 ಮೀಟರ್ ಉದ್ದದ ಕಲ್ಲುಕಟ್ಟಡ. ಎರಡು ಬದಿಗೂ ಚಾಚಿಕೊಂಡ ಒಟ್ಟು 1,470 ಮೀಟರ್ ಮಣ್ಣಿನ ಏರಿ. ಹಿಂದೆ ಸುಮಾರು 2.4 ಟಿಎಂಸಿ ನೀರು ನಿಲ್ಲುವಷ್ಟು ತಾವು. ಜಗತ್ತಿನ ಆರ್ಥಿಕ ಮಹಾಕುಸಿತದ ದಶಕವು ಮುಗಿಯುತ್ತಿದ್ದ ಕಾಲದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, ಮೈಸೂರು ಸಂಸ್ಥಾನವು ಕೈಗೊಂಡ ಕೆಲಸವಿದು. ಅಂದು ಕಲ್ಲು ಹೊತ್ತವರು, ಮಣ್ಣು ತುಳಿದವರು ಇಂದು ಇಲ್ಲ. ಅವರ ಕೂಲಿ ಅಂದೇ ಕರಗಿಹೋಯಿತು. ಕಟ್ಟೆ ಮಾತ್ರ ನಿಂತಿದೆ.

ಕಷ್ಟಕಾಲದಲ್ಲಿ ಸರ್ಕಾರವು ಜನರ ಕೈಗೆ ಕೆಲಸ ಕೊಡಬೇಕೆ, ಕೊಟ್ಟರೆ ಎಂತಹ ಕೆಲಸ ಕೊಡಬೇಕು ಎಂಬ ಪ್ರಶ್ನೆ ಗ್ರಾಮಸಭೆಗಳ ಮುಂದೆ ಮತ್ತೆ ಬಂದಿರುವ ಈ ಹೊತ್ತಿನಲ್ಲಿ, ಆ ದಶಕದ ಕಾಮಗಾರಿಗಳನ್ನು ತಿರುಗಿ ನೋಡುವುದು ಸೂಕ್ತ.

1929ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದಾಗ ಅದು ಧನಿಕರ ಸಂಕಟವಾಗಿ ಮಾತ್ರ ಉಳಿಯಲಿಲ್ಲ. ಭಾರತದಲ್ಲಿ ಕೃಷಿ ಉತ್ಪನ್ನಗಳ ಬೆಲೆ ಕೆಲವೇ ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಬೆಳೆ ಕೈಗೆ ಬಂದರೂ ಹಣ ಕೈಗೆ ಬರಲಿಲ್ಲ. ಆದರೆ ಕಂದಾಯ ಮತ್ತು ಸಾಲದ ಬಡ್ಡಿಯನ್ನು ಹಣದಲ್ಲಿಯೇ ಕಟ್ಟಬೇಕಾಗಿತ್ತು. ಬ್ರಿಟಿಷ್ ಇಂಡಿಯಾದ ಸರ್ಕಾರ ಖರ್ಚು ಕಡಿತದ ದಾರಿ ಹಿಡಿಯಿತು. ಕುಸಿತ ಆರಂಭವಾದ ಅಮೆರಿಕವು ಕೆಲವು ವರ್ಷಗಳ ಹಿಂಜರಿಕೆಯ ಬಳಿಕ ಬೇರೊಂದು ದಾರಿಯನ್ನು ಹಿಡಿಯಿತು.

1933ರಲ್ಲಿ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್, ಅದೇ ವರ್ಷ ನಿರುದ್ಯೋಗಿ ಯುವಕರ ಅರಣ್ಯ ಮತ್ತು ಭೂಸಂರಕ್ಷಣಾ ಪಡೆಯನ್ನು ಆರಂಭಿಸಿದರು. 1942ರವರೆಗೆ ನಡೆದ ಆ ಯೋಜನೆಯಲ್ಲಿ ಸುಮಾರು 30 ಲಕ್ಷ ಯುವಕರು ದುಡಿದರು. 300 ಕೋಟಿಯಷ್ಟು ಸಸಿಗಳನ್ನು ನೆಟ್ಟರು. ಸವೆದ ಇಳಿಜಾರುಗಳಿಗೆ ಒಡ್ಡು ಕಟ್ಟಿದರು. ತಿಂಗಳಿಗೆ 30 ಡಾಲರ್ ಸಂಬಳ. ಅದರಲ್ಲಿ 25 ಡಾಲರ್ ನೇರವಾಗಿ ಮನೆಗೆ ಹೋಗುತ್ತಿತ್ತು. 1935ರಿಂದ 1943ರವರೆಗೆ ನಡೆದ ಇನ್ನೊಂದು ದೊಡ್ಡ ಕಾಮಗಾರಿ ಯೋಜನೆಯು 85 ಲಕ್ಷ ಜನರಿಗೆ ಕೆಲಸ ಕೊಟ್ಟು, 6.5 ಲಕ್ಷ ಮೈಲಿಯಷ್ಟು ರಸ್ತೆಗಳನ್ನೂ ಒಂದು ಲಕ್ಷಕ್ಕೂ ಹೆಚ್ಚು ಸಾರ್ವಜನಿಕ ಕಟ್ಟಡಗಳನ್ನೂ ಕಟ್ಟಿತು ಅಥವಾ ದುರಸ್ತಿ ಮಾಡಿತು. ಶಾಲೆ, ಅಂಚೆ ಕಚೇರಿ, ಸೇತುವೆ, ಉದ್ಯಾನಗಳಾಗಿ ಅವುಗಳಲ್ಲಿ ಎಷ್ಟೋ ಇಂದಿಗೂ ಬಳಕೆಯಲ್ಲಿವೆ.

ಆ ಯೋಜನೆಗಳೂ ಕಳಂಕರಹಿತವಾಗಿರಲಿಲ್ಲ. ಅರಣ್ಯ ಪಡೆಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಲಿಲ್ಲ. ಕಪ್ಪು ಜನರನ್ನು ಬಹುಮಟ್ಟಿಗೆ ಪ್ರತ್ಯೇಕ ಶಿಬಿರಗಳಲ್ಲಿ ಇರಿಸಲಾಯಿತು. ಆದರೂ ಒಂದು ವಿಷಯವನ್ನು ಅವು ಸರಿಯಾಗಿ ಗ್ರಹಿಸಿದ್ದವು. ಕಣಿವೆಯಲ್ಲಿ ಅಣೆಕಟ್ಟೆ ಕಟ್ಟುವುದೂ ಮೇಲಿನ ಇಳಿಜಾರಿನಲ್ಲಿ ಗಿಡ ನೆಡುವುದೂ ಎರಡು ಕೆಲಸಗಳಲ್ಲ, ಒಂದೇ ಕೆಲಸದ ಎರಡು ತುದಿಗಳು ಎಂಬುದೇ ಆ ಗ್ರಹಿಕೆ. 1933ರಲ್ಲಿ ಸ್ಥಾಪನೆಯಾದ ಟೆನೆಸಿ ಕಣಿವೆ ಪ್ರಾಧಿಕಾರವು ಅಣೆಕಟ್ಟೆಗಳೊಂದಿಗೆ ಬೆಟ್ಟದ ಮಣ್ಣನ್ನು ಕಾಯುವ ಕೆಲಸವನ್ನೂ ಹೊತ್ತುಕೊಂಡಿತು.

ಮೈಸೂರು ಸಂಸ್ಥಾನದಲ್ಲಿಯೂ ಆ ದಶಕದಲ್ಲಿ ಕೆಲಸ ನಿಲ್ಲಲಿಲ್ಲ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, ಕೃಷ್ಣರಾಜಸಾಗರದ ನೀರನ್ನು ಮಂಡ್ಯ ಸೀಮೆಗೆ ಒಯ್ಯುವ, ಇಂದು ವಿಶ್ವೇಶ್ವರಯ್ಯ ನಾಲೆ ಎಂದು ಕರೆಯಲಾಗುವ ಇರ್ವಿನ್ ನಾಲೆ ಸಿದ್ಧವಾಯಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಅದೇ ವರ್ಷ ಬೆಂಗಳೂರಿಗೆ ನೀರೊದಗಿಸಲು ಅರ್ಕಾವತಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟಿದ ಜಲಾಶಯ ಬಳಕೆಗೆ ಬಂತು. 1935ರಲ್ಲಿ ಬೆಂಗಳೂರಿನ ಪುರಭವನದ ಬಾಗಿಲು ತೆರೆಯಿತು. ದಶಕದ ಕೊನೆಯ ಭಾಗದಲ್ಲಿ ಮಾರ್ಕೋನಹಳ್ಳಿಯ ಸರದಿ. ಇವೆಲ್ಲವನ್ನೂ ಅಮೆರಿಕದ ಮಾದರಿಯ ನಿರುದ್ಯೋಗ ಪರಿಹಾರವೆಂದು ಕರೆಯುವುದು ತಪ್ಪಾದೀತು; ನೀರಾವರಿ, ಕೈಗಾರಿಕೆ, ನಗರದ ಅಗತ್ಯಗಳು ಇವುಗಳ ನೇರ ಉದ್ದೇಶವಾಗಿದ್ದವು. ಆದರೆ ಬೆಲೆ ಕುಸಿದ ಕಾಲದಲ್ಲಿ ಸರ್ಕಾರದ ಹಣವು ಕಲ್ಲು, ಗಾರೆ, ಕೂಲಿಗಳ ರೂಪದಲ್ಲಿ ನಾಡಿನೊಳಗೇ ಹರಿಯಿತು ಎಂಬುದಂತೂ ದಿಟ.

ದುಡಿಮೆಯ ಮೂಲಕ ಪರಿಹಾರ ಎಂಬ ವಿಚಾರ ಈ ಸೀಮೆಗೆ ಆಗಲೇ ಹಳೆಯದಾಗಿತ್ತು. 1876–78ರ ಮಹಾಕ್ಷಾಮ ಮೈಸೂರನ್ನು ಬರಿದು ಮಾಡಿತ್ತು. 1871ರ ಜನಗಣತಿಯಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಆ ಕ್ಷಾಮದ ಬಳಿಕ ಸಂಸ್ಥಾನವು ರೈಲುಹಾದಿಗೆ ಆದ್ಯತೆ ಕೊಟ್ಟಿತು. ಧಾನ್ಯವಿರುವ ಕಡೆಯಿಂದ ಇಲ್ಲದ ಕಡೆಗೆ ಸಾಗಿಸಲು ಹಾದಿಯಿಲ್ಲದುದೂ ಸಾವುಗಳಿಗೆ ಒಂದು ಕಾರಣವೆಂದು ಆಗ ಮನವರಿಕೆಯಾಗಿತ್ತು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂತು. ಹಳಿ ಗುಬ್ಬಿಯನ್ನು ಹಾದು, ಆ ದಶಕ ಮುಗಿಯುವುದರೊಳಗೆ ಹರಿಹರವನ್ನು ಮುಟ್ಟಿತು. ಅದೇ ಕ್ಷಾಮದ ಕಾಲದಲ್ಲಿ ನೆರೆಯ ಮದರಾಸು ಪ್ರಾಂತ್ಯದ ಪರಿಹಾರ ಶಿಬಿರಗಳಲ್ಲಿ, ದಿನವಿಡೀ ದುಡಿದವನಿಗೆ ಒಂದು ಪೌಂಡ್ ಧಾನ್ಯ ಮತ್ತು ಅಲ್ಪ ಕಾಸು ಕೊಟ್ಟು, ಬದುಕಲು ಅದು ಸಾಕೆಂದು ಅಧಿಕಾರಿಗಳು ವಾದಿಸಿದ್ದೂ ಉಂಟು. ಕಾಮಗಾರಿ ತಾನಾಗಿಯೇ ಕರುಣೆಯಾಗುವುದಿಲ್ಲ. ಹೊಟ್ಟೆ ತುಂಬುವ ಕೂಲಿ, ಹೊತ್ತಿಗೆ ಸಿಗುವ ಕೂಲಿ, ಮುಂದಿನ ಪೀಳಿಗೆಗೆ ಉಳಿಯುವ ಕೆಲಸ ಎಂಬ ಮೂರೂ ಕೂಡಿದಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ.

ಈ ಮೂರರ ಜೊತೆಗೆ ನಾಲ್ಕನೆಯದೊಂದಿದೆ: ಕಟ್ಟಿದ್ದನ್ನು ಕಾಯುವುದು. ಹೆಚ್ಚು ಮರೆತುಹೋಗಿರುವುದು ಇದೇ.

ಮಾರ್ಕೋನಹಳ್ಳಿಯ ವಿಶೇಷವೆಂದರೆ ಅದರ ಸ್ವಯಂಚಾಲಿತ ಸೈಫನ್. ಎಂಜಿನಿಯರಿಂಗ್ ಪಠ್ಯಗಳು ಈ ಬಗೆಯ ಸೈಫನ್ನನ್ನು ಮೈಸೂರಿನ ಎಂಜಿನಿಯರ್ ಗಣೇಶ್ ಅಯ್ಯರ್ ಅವರ ಹೆಸರಿನಿಂದಲೇ ಗುರುತಿಸುತ್ತವೆ. ನೀರು ತುಂಬುಮಟ್ಟವನ್ನು ದಾಟಿದೊಡನೆ, ಗುಮ್ಮಟದಂತಹ ಮುಚ್ಚಳದ ಕೆಳಗಿರುವ ಆಲಿಕೆಯ ಅಂಚಿನಿಂದ ಒಳಕ್ಕೆ ಬೀಳುತ್ತದೆ. ಅಲ್ಲಿನ ಬಾಗಿದ ಅಲಗುಗಳು ಅದನ್ನು ಸುಳಿಯಂತೆ ತಿರುಗಿಸುತ್ತವೆ. ಸುಳಿಯು ಒಳಗಿನ ಗಾಳಿಯನ್ನು ಎಳೆದೊಯ್ಯುತ್ತದೆ. ಗಾಳಿ ಖಾಲಿಯಾದ ಕ್ಷಣ ಕೊಳವೆ ಪೂರ್ತಿ ತುಂಬಿ ನೀರು ರಭಸದಿಂದ ಹೊರನುಗ್ಗುತ್ತದೆ. ಮಟ್ಟ ಇಳಿದಾಗ ಗಾಳಿ ಮತ್ತೆ ಒಳಸೇರಿ ಹರಿವು ತಾನಾಗಿಯೇ ನಿಲ್ಲುತ್ತದೆ. ಗೇಟು ಎತ್ತುವವರು ಬೇಡ, ವಿದ್ಯುತ್ತು ಬೇಡ. ನಡುರಾತ್ರಿ ಮಳೆ ಸುರಿದರೂ ಕಟ್ಟೆಗೆ ಅಪಾಯವಿಲ್ಲದಂತೆ ಯೋಜಿಸಿದ ಜಾಣ್ಮೆಯಿದು.

ಆದರೆ ಮನುಷ್ಯನ ಕೈ ಬೇಡದ ಯಂತ್ರಕ್ಕೂ ಮನುಷ್ಯನ ಕಣ್ಣು ಬೇಕು. ಸೈಫನ್ ಹೇಳಿ ಕೇಳಿ ತೆರೆಯುವುದಿಲ್ಲ. ಕಣಕಾಲು ಮುಳುಗುವಷ್ಟಿದ್ದ ಹರಿವು ಕೆಲವೇ ನಿಮಿಷಗಳಲ್ಲಿ ಪ್ರವಾಹವಾಗುತ್ತದೆ. 2025ರ ಅಕ್ಟೋಬರ್‌ನಲ್ಲಿ ಜಲಾಶಯದ ಕೆಳಭಾಗದಲ್ಲಿ ನೀರಿಗಿಳಿದಿದ್ದ ಒಂದೇ ಕುಟುಂಬದ ಹಲವರು ಹೀಗೆ ಹಠಾತ್ತಾಗಿ ನುಗ್ಗಿದ ನೀರಿಗೆ ಸಿಕ್ಕಿ ಕೊಚ್ಚಿಹೋದರು. ಕಟ್ಟೆಯು ತನ್ನ ಕೆಲಸವನ್ನು ಕಟ್ಟಿದವರು ಎಣಿಸಿದಂತೆಯೇ ಮಾಡಿತು. ಅದರ ಸ್ವಭಾವವನ್ನು ಅರಿತ ಕಾವಲು, ನೀರು ತುಂಬುಮಟ್ಟಕ್ಕೆ ಬರುವ ಮೊದಲೇ ಕೂಗುವ ಎಚ್ಚರಿಕೆಯ ಗಂಟೆ, ನದಿಪಾತ್ರಕ್ಕೆ ಬೇಲಿ ಇಂತಹ ಕಡೆಗಳಲ್ಲಿ ಕಟ್ಟೆಯಷ್ಟೇ ಅಗತ್ಯ. ಹಿಂದೆ ಪ್ರತಿ ಕೆರೆಗೂ ಒಬ್ಬ ನೀರುಗಂಟಿ ಇರುತ್ತಿದ್ದ. ತೂಬಿನ ಬಿರುಕು, ಕೋಡಿಯ ಹುಲ್ಲು, ಏರಿಯ ಇಲಿಬಿಲ ಅವನ ಕಣ್ಣಿಗೆ ಬೀಳದೆ ಇರುತ್ತಿರಲಿಲ್ಲ. ಊರು ಅವನಿಗೆ ಧಾನ್ಯ ಅಳೆದು ಕೊಡುತ್ತಿತ್ತು. ಆ ವ್ಯವಸ್ಥೆ ಸಡಿಲವಾದ ಮೇಲೆ ಕಟ್ಟಲು ಹಣವಿದೆ, ಕಾಯಲು ಇಲ್ಲ ಎಂಬ ಸ್ಥಿತಿ ಬಂದಿದೆ.

ಬೆಟ್ಟದ ಊರುಗಳಿಗೆ ಈ ಮಾತು ಏಕೆ ಎಂಬ ಪ್ರಶ್ನೆ ಏಳಬಹುದು. ಮಾರ್ಕೋನಹಳ್ಳಿಯ ಜಲಾನಯನ ಪ್ರದೇಶ 4,103 ಚದರ ಕಿಲೋಮೀಟರ್. ಅದರ ನೆತ್ತಿಯಲ್ಲಿರುವುದು ದೇವರಾಯನದುರ್ಗ. ಇಳಿಜಾರಿನ ಕುರುಚಲು ಕಾಡು ಬೋಳಾದರೆ, ಬಂಡೆ ಸಿಡಿದು ಪುಡಿ ಹಳ್ಳಕ್ಕೆ ಇಳಿದರೆ, ಅದು ಮೊದಲು ಊರಕೆರೆಯನ್ನು, ಬಳಿಕ ಕಡಬದ ಕೆರೆಯನ್ನು, ಕೊನೆಗೆ ಮಾರ್ಕೋನಹಳ್ಳಿಯ ತಳವನ್ನು ಸೇರುತ್ತದೆ. ಹೂಳು ತುಂಬಿದಷ್ಟೂ ನೀರಿನ ತಾವು ಕಿರಿದಾಗುತ್ತದೆ. ಸಣ್ಣ ಮಳೆಗೇ ತುಂಬುಮಟ್ಟ ಬರುತ್ತದೆ. ಕೆಳಗಿನ ಅಣೆಕಟ್ಟೆಯ ಆಯುಸ್ಸು ಮೇಲಿನ ಬೆಟ್ಟದ ಹಸಿರಿನಲ್ಲಿ ಬರೆದಿರುತ್ತದೆ.

ಈ ಕೆಲಸಕ್ಕೆ ಕೈಗಳನ್ನು ಒದಗಿಸುವ ಹಾದಿ ದೇಶದಲ್ಲಿ ಇಲ್ಲದಿರಲಿಲ್ಲ. 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ 2008ರ ಏಪ್ರಿಲ್‌ನಲ್ಲಿ ತುಮಕೂರು ಜಿಲ್ಲೆಗೆ ಬಂತು. ವರ್ಷಕ್ಕೆ 100 ದಿನಗಳ ಕೆಲಸ, 15 ದಿನಗಳೊಳಗೆ ಕೂಲಿ, ಗುತ್ತಿಗೆದಾರರಿಗೆ ನಿಷೇಧ, ಗ್ರಾಮಸಭೆಯಿಂದ ಲೆಕ್ಕ ತಪಾಸಣೆ ಎಂದು ಕಾಯ್ದೆ ಹೇಳಿತ್ತು. ಎಷ್ಟೋ ಕಡೆ ಕಲ್ಯಾಣಿಗಳು ಮತ್ತೆ ಕಣ್ಣು ತೆರೆದವು, ಇಂಗುಗುಂಡಿಗಳು ತುಂಬಿದವು. ಎಷ್ಟೋ ಕಡೆ ಕೂಲಿ ತಿಂಗಳುಗಟ್ಟಲೆ ತಡವಾಯಿತು. ರಾತ್ರಿ ಯಂತ್ರ ತೋಡಿದ ಗುಂಡಿಗೆ ಹಗಲು ಹಾಜರಿ ಬಿತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅದರ ಜಾಗದಲ್ಲಿ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ದಿನಗಳ ಭರವಸೆ 125ಕ್ಕೆ ಏರಿತು. ಅದರೊಡನೆ, ಕರ್ನಾಟಕದಂತಹ ರಾಜ್ಯಗಳು ವೆಚ್ಚದ ಶೇ. 40ನ್ನು ಭರಿಸಬೇಕೆಂಬ ನಿಯಮವೂ, ಬಿತ್ತನೆ ಹಾಗೂ ಕೊಯ್ಲಿನ ಕಾಲದಲ್ಲಿ ವರ್ಷಕ್ಕೆ 60 ದಿನಗಳವರೆಗೆ ಕಾಮಗಾರಿ ನಿಲ್ಲಿಸಬಹುದೆಂಬ ನಿಯಮವೂ ಬಂದವು. ನೀರಿನ ಭದ್ರತೆಯ ಕೆಲಸಗಳಿಗೆ ಅದರಲ್ಲಿ ಆದ್ಯತೆಯ ಸ್ಥಾನವಿದೆ.

ಬೆಟ್ಟದ ಕೆಲಸಕ್ಕೆ ಕಾಲದ ಲೆಕ್ಕ ಮುಖ್ಯ. ಇಂಗುಗುಂಡಿ, ಕಲ್ಲುತಡೆ, ಹಳ್ಳದ ಒಡ್ಡು ಇವೆಲ್ಲ ಮುಂಗಾರಿನ ಮೊದಲೇ ಮುಗಿಯಬೇಕು. ಬಿತ್ತನೆಯ ವೇಳೆಗೆ ಕಾಮಗಾರಿ ನಿಂತರೆ ಅರ್ಧ ತೋಡಿದ ಗುಂಡಿಯ ಮಣ್ಣು ಮೊದಲ ಮಳೆಗೇ ಕೆರೆಗೆ ಇಳಿಯುತ್ತದೆ. ಆದ್ದರಿಂದ ಸಂಕ್ರಾಂತಿಗೆ ಮೊದಲೇ ಗ್ರಾಮಸಭೆ ಸೇರಿ ಯಾವ ಇಳಿಜಾರು, ಯಾವ ಹಳ್ಳ, ಯಾವ ಕಟ್ಟೆ ಎಂದು ಹೆಸರಿಸಿ ಬರೆಸದಿದ್ದರೆ, ಪಟ್ಟಿಯಲ್ಲಿ ಸುಲಭವಾಗಿ ಅಳೆಯಬಹುದಾದ ಕಾಂಕ್ರೀಟು ಚರಂಡಿಗಳೇ ತುಂಬಿಕೊಳ್ಳುತ್ತವೆ.

ಜಿಲ್ಲೆಯಲ್ಲಿ ನೀರಿನ ಚರ್ಚೆಯೆಲ್ಲ ಇತ್ತೀಚೆಗೆ ಹೇಮಾವತಿಯ ಸುತ್ತಲೇ ತಿರುಗಿದೆ. ಕುಣಿಗಲ್ ಕಡೆಗೆ ನೀರೊಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯನ್ನು ವಿರೋಧಿಸಿ 2025ರ ಮೇ ತಿಂಗಳಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ರೈತರು ಬೀದಿಗಿಳಿದರು. ಕುಣಿಗಲ್ಲಿನವರ ಬಾಯಾರಿಕೆಯೂ ಸುಳ್ಳಲ್ಲ, ಗುಬ್ಬಿಯವರ ಆತಂಕವೂ ಸುಳ್ಳಲ್ಲ. ಹೇಮಾವತಿಯ ಪಾಲು ನ್ಯಾಯವಾಗಿ ಹಂಚಿಕೆಯಾಗಲೇಬೇಕು. ಆದರೆ ದೂರದ ನದಿಯ ನೀರಿಗಾಗಿ ನೆರೆಯ ತಾಲ್ಲೂಕುಗಳು ಎದುರುಬದುರು ನಿಂತಿರುವಾಗ, ಎರಡೂ ತಾಲ್ಲೂಕುಗಳನ್ನು ಹಾದುಹೋಗುವ ಶಿಂಷೆ ತನ್ನ ತವರಿನಲ್ಲಿಯೇ ಸೊರಗುತ್ತಿರುವುದನ್ನು ಕೇಳುವವರಿಲ್ಲ. ತುಮಕೂರು ನಗರವೂ ಈ ಮಾತಿನಿಂದ ಹೊರಗಲ್ಲ. ಅಮಾನಿಕೆರೆಯ ದಡವನ್ನು ಅಂದಗೊಳಿಸುವಾಗ ಇರುವ ಉತ್ಸಾಹ, ಅದಕ್ಕೆ ನೀರು ತರುವ ಕಾಲುವೆಗಳನ್ನು ಒತ್ತುವರಿಯಿಂದ ಬಿಡಿಸುವಾಗ ಇರಬೇಕು.

ಹಾಗಾದರೆ ಆಗಬೇಕಾದುದು ದೊಡ್ಡದೇನಲ್ಲ. ಗ್ರಾಮ ಪಂಚಾಯಿತಿಗಳ ಕಾಮಗಾರಿ ಪಟ್ಟಿಯಲ್ಲಿ ಬೆಟ್ಟದ ಇಳಿಜಾರಿಗೆ ಮೊದಲ ಸಾಲು ಸಿಗಬೇಕು. ಹೊಸದನ್ನು ಕಟ್ಟುವಾಗ, ಮುಂದಿನ ಹತ್ತು ವರ್ಷ ಅದನ್ನು ಯಾರು ಕಾಯುತ್ತಾರೆ ಎಂಬುದೂ ಅದೇ ಹಾಳೆಯಲ್ಲಿ ಬರೆದಿರಬೇಕು; ಕಾಯುವವರಿಗೂ ಕೂಲಿಯ ದಿನಗಳು ಸಲ್ಲಬೇಕು. ಮಾರ್ಕೋನಹಳ್ಳಿಯ ಕೆಳಗಿನ ಊರುಗಳಿಗೆ ಎಚ್ಚರಿಕೆಯ ವ್ಯವಸ್ಥೆ ಮುಂದಿನ ಮಳೆಗಾಲಕ್ಕೆ ಮೊದಲೇ ಸಿದ್ಧವಾಗಬೇಕು. ವಿದ್ಯಾರ್ಥಿಗಳು ತಮ್ಮ ಊರಿನ ಕೆರೆ, ಕಟ್ಟೆ, ಶಾಲೆ, ಸೇತುವೆಗಳನ್ನು ಕಟ್ಟಿದ ವರ್ಷವನ್ನೂ ದುಡಿದವರ ನೆನಪುಗಳನ್ನೂ ಹಿರಿಯರಿಂದ ಕೇಳಿ ಬರೆದಿಡಬೇಕು. ಶಂಕುಸ್ಥಾಪನೆಯ ಕಲ್ಲುಗಳಲ್ಲಿ ದೊರೆಗಳ, ಮಂತ್ರಿಗಳ ಹೆಸರಿರುತ್ತದೆ. ಬುಟ್ಟಿ ಹೊತ್ತವರ ಹೆಸರು ಇರುವುದಿಲ್ಲ. ಆ ಹೆಸರುಗಳು ಊರಿನ ನೆನಪಿನಲ್ಲಾದರೂ ಉಳಿದರೆ, ಕಟ್ಟೆ ಸರ್ಕಾರದ್ದಲ್ಲ, ತಮ್ಮದು ಎಂಬ ಭಾವ ಊರಿಗೆ ಬರುತ್ತದೆ. ತನ್ನದೆಂದುಕೊಂಡದ್ದನ್ನು ಮಾತ್ರ ಊರು ಕಾಯುತ್ತದೆ.