ಅಟ್ಟವೇರಿದ ಗ್ರಂಥಗಳು

ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಕನ್ನಡದಲ್ಲಿ ಬರೆಯುವ ಒಬ್ಬರಾದರೂ ಇಲ್ಲದ ಬೀದಿಯಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಉಪಾಧ್ಯಾಯರು, ಬ್ಯಾಂಕಿನ ನೌಕರರು, ಗಣಕಯಂತ್ರದ ಕಚೇರಿಗಳಲ್ಲಿ ದುಡಿಯುವ ತರುಣರು, ಗೃಹಿಣಿಯರು, ನಿವೃತ್ತರು ಎಲ್ಲರೂ ಬರೆಯುತ್ತಿರುವರು. ಇದು ಸಂತೋಷದ ಸಂಗತಿಯೇ ಸರಿ. ಆದರೆ ಅವರಲ್ಲಿ ಎಷ್ಟೋ ಮಂದಿಯ ಮನೆಯ ಅಟ್ಟವನ್ನು ಹತ್ತಿ ನೋಡಿದರೆ ಆ ಸಂತೋಷವು ಅರ್ಧವಾಗುವುದು. ಕೂಡಿಟ್ಟ ಹಣವನ್ನು ಸುರಿದು ಅಚ್ಚು ಹಾಕಿಸಿದ ಗ್ರಂಥಗಳು ಅಲ್ಲಿ ಕಟ್ಟು ಬಿಚ್ಚದೆ ಧೂಳು ಹಿಡಿದಿರುವುವು. ಹಣ ಹೋದುದಕ್ಕಿಂತ ದೊಡ್ಡ ನಷ್ಟವು ಮತ್ತೊಂದುಂಟು: ಆ ಲೇಖಕನು ಎರಡನೆಯ ಗ್ರಂಥವನ್ನು ಬರೆಯುವುದೇ ಇಲ್ಲ. ನಾಡು ಕಳೆದುಕೊಳ್ಳುವುದು ಇದನ್ನೇ.

ದೋಷವೆಲ್ಲಿ? ಅಚ್ಚಾಗುವುದೇ ಲೇಖಕನ ಗುರಿಯೆಂಬ ತಪ್ಪು ತಿಳಿವಳಿಕೆಯಲ್ಲಿ ಎಂದು ನಾವು ಹೇಳುವೆವು. ಅಚ್ಚಾಗುವುದು ಇಂದು ಸುಲಭ. ಹಣ ಕೊಟ್ಟರೆ ಯಾವುದೂ ಅಚ್ಚಾಗುವುದು. ಓದಿಸಿಕೊಳ್ಳುವುದು ಮಾತ್ರ ಎಂದಿನಂತೆಯೇ ಕಷ್ಟ. ಆದುದರಿಂದ ಹೊಸ ಲೇಖಕರಿಗೆ ನಾಲ್ಕು ಮಾತುಗಳನ್ನು ಸ್ನೇಹಭಾವದಿಂದ ಹೇಳಬಯಸುತ್ತೇವೆ.

ಮೊದಲನೆಯದಾಗಿ, ಪತ್ರಿಕೆಗಳ ಬಾಗಿಲನ್ನು ತಟ್ಟದೆ ಮುದ್ರಣಾಲಯದ ಬಾಗಿಲಿಗೆ ಹೋಗಬಾರದು. ಸಂಪಾದಕನು ಹಿಂದಿರುಗಿಸಿದ ಕಥೆಯು ಲೇಖಕನಿಗೆ ಖರ್ಚಿಲ್ಲದೆ ದೊರೆತ ಪಾಠ. ಗವಿಪುರದ ಮಾಸ್ತಿಯವರು 1944ರಿಂದ 1965ರವರೆಗೆ 'ಜೀವನ' ಪತ್ರಿಕೆಯ ಭಾರವನ್ನು ಹೊತ್ತುದು ತಮ್ಮೊಬ್ಬರ ಬರಹಕ್ಕಾಗಿ ಅಲ್ಲ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಪಡೆದ ಬಾನು ಮುಷ್ತಾಕರ ಸಂಕಲನದಲ್ಲಿರುವುದು 12 ಕಥೆಗಳು. ಅವು 1990ರಿಂದ 2023ರವರೆಗಿನ ದುಡಿಮೆಯ ಫಲ. ಆರು ತಿಂಗಳಲ್ಲಿ ಕೀರ್ತಿಯನ್ನು ಬಯಸುವವರು ಈ ಲೆಕ್ಕವನ್ನು ಮನಸ್ಸಿನಲ್ಲಿಡಲಿ.

ಎರಡನೆಯದಾಗಿ, ಇರುವ ಅನುಕೂಲಗಳನ್ನು ತಿಳಿದುಕೊಳ್ಳಬೇಕು. ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನವನ್ನು ಕೊಡುವ ಯೋಜನೆಯನ್ನು ನಡೆಸಿಕೊಂಡು ಬಂದಿದೆ. ವಸುಧೇಂದ್ರರ 'ಛಂದ ಪುಸ್ತಕ'ವು ಹೊಸ ಕಥೆಗಾರರ ಹಸ್ತಪ್ರತಿಗಳನ್ನು ಸ್ಪರ್ಧೆಗೆ ಕರೆದು, ಆಯ್ದುದನ್ನು ತಾನೇ ಪ್ರಕಟಿಸಿ ಬಹುಮಾನವನ್ನೂ ಕೊಡುವ ಪದ್ಧತಿಯನ್ನು ಹಾಕಿತು. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗಳಿಂದ ಬೆಳಕಿಗೆ ಬಂದವರು ಹಲವರು. ಗ್ರಂಥಕ್ಕೆ ಬೇಕಾದ ಐ.ಎಸ್.ಬಿ.ಎನ್. ಸಂಖ್ಯೆಯನ್ನು ಭಾರತ ಸರಕಾರವು ಉಚಿತವಾಗಿ ಕೊಡುತ್ತದೆ. ಅದಕ್ಕಾಗಿ ಯಾರಾದರೂ ಹಣ ಕೇಳಿದರೆ ಎಚ್ಚರ ವಹಿಸತಕ್ಕುದು.

ಮೂರನೆಯದಾಗಿ, ಕರಾರಿಲ್ಲದೆ ಹಸ್ತಪ್ರತಿಯನ್ನು ಕೊಡಬಾರದು. 'ನಮ್ಮವರೇ ಅಲ್ಲವೆ, ಬರಹವೇಕೆ?' ಎಂಬ ದಾಕ್ಷಿಣ್ಯದಿಂದ ಕೆಟ್ಟವರನ್ನು ನಾವು ಬಲ್ಲೆವು. 1957ರ ಕೃತಿಸ್ವಾಮ್ಯ ಕಾಯಿದೆಯು ಲೇಖಕನ ಕೈಯಲ್ಲಿರುವ ಕತ್ತಿ. ಹಕ್ಕಿನ ವರ್ಗಾವಣೆಯು ಸಹಿಯಿರುವ ಬರಹದಲ್ಲಿಯೇ ಆಗಬೇಕು. ಕಾಲಾವಧಿಯನ್ನು ಹೇಳದಿದ್ದರೆ ಅದು 5 ವರ್ಷಗಳದೆಂದು ಕಾಯಿದೆಯು ಗ್ರಹಿಸುತ್ತದೆ. ಬೇರೆ ಕರಾರಿಲ್ಲದಿದ್ದಲ್ಲಿ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಪ್ರಕಾಶಕನು ಬಳಸದಿದ್ದರೆ ಆ ಹಕ್ಕು ಅವನಿಂದ ತಪ್ಪಿಹೋಗುವುದು. ಎಷ್ಟು ಪ್ರತಿಗಳು, ಎಷ್ಟು ಗೌರವಧನ, ಲೆಕ್ಕ ಕೊಡುವುದು ಯಾವಾಗ ಎಂಬುದೆಲ್ಲ ಮೊದಲೇ ಕಾಗದದ ಮೇಲಿರಲಿ. ಪ್ರಾಮಾಣಿಕನಾದ ಪ್ರಕಾಶಕನು ಇದಕ್ಕೆ ಮುನಿಯಲಾರನು. ಮುನಿಯುವವನಿಂದ ದೂರವಿರುವುದೇ ಲೇಸು.

ನಾಲ್ಕನೆಯದಾಗಿ, ಗ್ರಂಥವನ್ನು ಓದುಗನ ಬಳಿಗೆ ಒಯ್ಯಲು ನಾಚಬಾರದು. ಬಿಡುಗಡೆಯ ಸಮಾರಂಭ, ಶಾಲು, ಹಾರ, ಮೂವರು ಭಾಷಣಕಾರರು, ಉಪ್ಪಿಟ್ಟು ಕಾಫಿ—ಇಲ್ಲಿಗೆ ಪ್ರಚಾರ ಮುಗಿಯಿತೆಂದು ತಿಳಿಯುವುದು ಭ್ರಮೆ. ಸಭೆಗೆ ಬಂದವರು ನೆಂಟರು, ಓದುಗರು ಹೊರಗಿರುವರು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನೇ ನಂಬಿ ಕುಳಿತುಕೊಳ್ಳುವುದೂ ಸಲ್ಲದು. ಅದು ಬಂದರೆ ಒಳ್ಳೆಯದು, ಆದರೆ ಅದಕ್ಕಾಗಿಯೇ ಅಚ್ಚು ಹಾಕಿದ ಗ್ರಂಥವು ಓದುಗನಿಗಾಗಿ ಹುಟ್ಟಿದುದಲ್ಲ.

'ಲೇಖಕನು ತನ್ನ ಸರಕನ್ನು ತಾನೇ ಮಾರುವುದು ಅಗೌರವವಲ್ಲವೆ?' ಎಂದು ಕೆಲವರು ಕೇಳುವರು. ಸರಸ್ವತಿಯ ಉಪಾಸಕನಿಗೆ ಸಂತೆಯ ಕೂಗು ಒಪ್ಪದೆಂಬ ಈ ಸಂಕೋಚವನ್ನು ನಾವು ಹಳಿಯುವುದಿಲ್ಲ. ಆದರೆ 1869ರಿಂದ 1942ರವರೆಗೆ ಬಾಳಿದ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ನಂಜನಗೂಡು ತಿರುಮಲಾಂಬಾ ಅವರು, ವಿಧವೆಯಾದ ಹೆಂಗಸು ಬರೆಯುವುದೇ ದುರ್ಲಭವಾಗಿದ್ದ ಕಾಲದಲ್ಲಿ, 'ಸತೀಹಿತೈಷಿಣೀ' ಗ್ರಂಥಮಾಲೆಯನ್ನು ತಾವೇ ಕಟ್ಟಿ ನಡೆಸಿದರು. ಜಿ.ಪಿ. ರಾಜರತ್ನಂ ಅವರು ಪ್ರಾಧ್ಯಾಪಕರಾಗಿಯೂ ಪುಸ್ತಕಗಳನ್ನು ಹೊತ್ತು ಮಾರಲು ಹಿಂಜರಿಯಲಿಲ್ಲ. ಇವರ ಗೌರವವು ಕುಂದಿತೆ? ಇಂದಿನ ತರುಣನು ಮೊಬೈಲಿನ ಮೂಲಕ ಮಾಡುವ ಪ್ರಚಾರವು ಆ ಗಂಟಿನ ಹಗುರವಾದ ರೂಪವಷ್ಟೆ. ಒಂದು ನಿಬಂಧನೆ ಮಾತ್ರ ಉಂಟು: ಗಳಗನಾಥರ ಗಂಟಿನಲ್ಲಿ ಓದತಕ್ಕ ಗ್ರಂಥವಿತ್ತು. ಸರಕಿಲ್ಲದ ಕೂಗು ಒಂದು ಸಂತೆಗೆ ಮಾತ್ರ.

ಇಷ್ಟು ಲೇಖಕರಿಗೆ. ವಾಚಕ ಮಹಾಶಯರಿಗೂ ಒಂದು ಬಿನ್ನಹ. ಧಾರವಾಡದ ಮನೋಹರ ಗ್ರಂಥಮಾಲೆಯು 1933ರಲ್ಲಿ ಹುಟ್ಟಿ, ವರ್ಷವರ್ಷವೂ ಚಂದಾ ಕೊಟ್ಟ ಓದುಗರ ಬಲದಿಂದ ಬೆಳೆಯಿತು. ಲೇಖಕನನ್ನು ಉಳಿಸುವುದು ಸನ್ಮಾನವಲ್ಲ, ಕೊಂಡ ಪ್ರತಿ. ಲೇಖಕ ಗೆಳೆಯನಿಂದ 'ಗೌರವ ಪ್ರತಿ'ಯನ್ನು ಬೇಡುವ ಕೆಟ್ಟ ಚಾಳಿಯನ್ನು ನಾವು ಬಿಡೋಣ. ಉಪಾಧ್ಯಾಯರು ತಿಂಗಳಿಗೊಮ್ಮೆ ಹೊಸ ಲೇಖಕನೊಬ್ಬನ ಒಂದು ಪುಟವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಲಿ. ಇದಕ್ಕಿಂತ ದೊಡ್ಡ ಪ್ರಚಾರವನ್ನು ಯಾವ ಹಣವೂ ಕೊಡಿಸಲಾರದು.

1956ರ ನವೆಂಬರ್ 1ರಂದು ನಾಡು ಒಂದಾಯಿತು. ಆದರೂ ಬನಶಂಕರಿಯಲ್ಲಿ ಬರೆದ ಗ್ರಂಥವು ಬೀದರಿನ ಓದುಗನ ಕೈಗೆ ಸೇರದಿದ್ದರೆ, ಕೇರಳದಲ್ಲಿ ಉಳಿದ ಕಾಸರಗೋಡಿನ ಕನ್ನಡ ಲೇಖಕನ ಹೆಸರು ಜಯನಗರದವರ ಕಿವಿಗೆ ಬೀಳದಿದ್ದರೆ, ಆ ಐಕ್ಯವು ನಕ್ಷೆಯಲ್ಲಿ ಮಾತ್ರ ಉಳಿದೀತು. ಅಟ್ಟದ ಮೇಲಿನ ಕಟ್ಟುಗಳು ಕೆಳಗಿಳಿಯಲಿ. ಓದತಕ್ಕವು ಊರೂರು ಸೇರಲಿ. ಉಳಿದವುಗಳಿಂದ ಅವುಗಳ ಕರ್ತೃಗಳು ಪಾಠ ಕಲಿತು, ಲೇಖನಿಯನ್ನು ಕೆಳಗಿಡದೆ ಮತ್ತೆ ಬರೆಯಲಿ.