ಹೇಳಿಕೊಳ್ಳಲಾರದ ಬೇನೆ



ಕಳೆದ ಕಾರ್ತಿಕ ಮಾಸದಲ್ಲಿ ಟಿಕೋಟಾ ತಾಲೂಕಿನ ಹೊನವಾಡಕ್ಕೆ ಹೋಗಿದ್ದಾಗ, ದ್ರಾಕ್ಷಿ ಬೆಳೆಯುವ ಹಿರಿಯ ಶರಣರೊಬ್ಬರ ಮನೆಯಲ್ಲಿ ನಾವು ಪ್ರಸಾದ ಸ್ವೀಕರಿಸಿದೆವು. ಒಂದು ತಾಸಿನಲ್ಲಿ ಅವರು ಮೂರು ಸಲ ಎದ್ದು ಹೊರಗೆ ಹೋಗಿ ಬಂದರು. ಕಾರಣ ಕೇಳಲು, "ವಯಸ್ಸಾದ ಮ್ಯಾಲೆ ಇದೆಲ್ಲಾ ಇದ್ದದ್ದರಿ, ಗುರುಗಳ" ಎಂದು ನಕ್ಕರು. ನಾವೂ ನಕ್ಕು ಸುಮ್ಮನಾದೆವು. ರಾತ್ರಿ ನಾಲ್ಕು ಸಲ ಏಳುವ ಬಾಧೆ ನಮಗೂ ಇತ್ತು. ನಾವೂ ಅದನ್ನು ಯಾರಿಗೂ ಹೇಳಿರಲಿಲ್ಲ.

ಯುಗಾದಿಯ ಹೊತ್ತಿಗೆ ಬೆನ್ನುನೋವು ಅವರನ್ನು ಹಾಸಿಗೆ ಹಿಡಿಸಿತು. ವಿಜಯಪುರದಲ್ಲಿ ತಪಾಸಣೆ ಮಾಡಿಸಲಾಗಿ, ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಎಲುಬಿಗೆ ಹಬ್ಬಿರುವುದು ತಿಳಿದುಬಂದಿತು. ಆ ದಿನದ ನಮ್ಮ ಮೌನವು ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ಅಕ್ರೋಟಿನ ಗಾತ್ರದ ಈ ಗ್ರಂಥಿಯು ಪುರುಷರಲ್ಲಿ ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದಿರುತ್ತದೆ. ವಯಸ್ಸಿನೊಡನೆ ಇದು ಉಬ್ಬುವುದು ಸಾಮಾನ್ಯ. ಆ ಉಬ್ಬೆಲ್ಲ ಕ್ಯಾನ್ಸರ್ ಅಲ್ಲ. ಆದರೆ ಮೂತ್ರ ಕಟ್ಟುವುದು, ರಕ್ತ ಬೀಳುವುದು, ಬಿಡದ ಬೆನ್ನುನೋವು ಇವನ್ನು ವಯಸ್ಸಿನ ತಲೆಗೆ ಕಟ್ಟಿ ಕೂಡಲಾಗದು. ವೈದ್ಯರ ಬಳಿ ಹೋಗಲೇಬೇಕು.

ಲಕ್ಷಣಗಳಿಲ್ಲದವರ ವಿಚಾರ ಬೇರೆ. ಆರಂಭದಲ್ಲಿ ಈ ಕ್ಯಾನ್ಸರ್ ಬಹುಮಟ್ಟಿಗೆ ಯಾವ ಸುಳಿವನ್ನೂ ಕೊಡದು. ಪಿ.ಎಸ್.ಎ. ಎಂಬ ರಕ್ತಪರೀಕ್ಷೆ ಅದರ ಸೂಚನೆ ನೀಡಬಲ್ಲದು. ಯುರೋಪಿನ ಎಂಟು ರಾಷ್ಟ್ರಗಳ 1,62,000ಕ್ಕೂ ಹೆಚ್ಚು ಪುರುಷರನ್ನು 23 ವರ್ಷ ಗಮನಿಸಿದ ಅಧ್ಯಯನವು 2025ರಲ್ಲಿ ಪ್ರಕಟವಾಯಿತು. ಪರೀಕ್ಷೆಗೆ ಕರೆಯಲ್ಪಟ್ಟವರಲ್ಲಿ ಈ ರೋಗದ ಮರಣ ಶೇಕಡಾ 13ರಷ್ಟು ಕಡಿಮೆ. ಕರೆದ ಪ್ರತಿ 456 ಜನರಲ್ಲಿ ಒಬ್ಬರ ಮರಣ ತಪ್ಪಿತು.

ಇದರ ಇನ್ನೊಂದು ಮುಖವನ್ನೂ ಹೇಳುವುದು ಧರ್ಮ. ಸೋಂಕಿನಿಂದಲೂ ಸಾದಾ ಉಬ್ಬಿನಿಂದಲೂ ಪಿ.ಎಸ್.ಎ. ಏರುವುದುಂಟು. ಅನೇಕ ಪ್ರಾಸ್ಟೇಟ್ ಕ್ಯಾನ್ಸರುಗಳು ಬಲು ನಿಧಾನವಾಗಿ ಬೆಳೆದು ಪ್ರಾಣಕ್ಕೆ ಎರವಾಗುವುದಿಲ್ಲ. ಅವುಗಳಿಗೆ ಅವಸರದಲ್ಲಿ ಮಾಡಿದ ಚಿಕಿತ್ಸೆಯಿಂದ ಮೂತ್ರದ ಹಿಡಿತವೂ ಪುರುಷತ್ವವೂ ಕುಂದಬಹುದು. ಆದುದರಿಂದಲೇ ಅಮೆರಿಕದ ತಜ್ಞಮಂಡಳಿಯು 2018ರಲ್ಲಿ, 55ರಿಂದ 69 ವಯಸ್ಸಿನವರು ವೈದ್ಯರೊಡನೆ ಲಾಭ-ಹಾನಿ ವಿಚಾರಿಸಿ ತಾವೇ ನಿರ್ಧರಿಸಬೇಕೆಂದಿತು. 70 ದಾಟಿದವರಿಗೆ ಅದನ್ನು ಶಿಫಾರಸು ಮಾಡಲಿಲ್ಲ. ತಂದೆಗೋ ಸಹೋದರನಿಗೋ ಈ ರೋಗವಿದ್ದರೆ ಅಪಾಯ ಸುಮಾರು ಇಮ್ಮಡಿ. ಅಂಥವರು 45ರ ಸುಮಾರಿಗೇ ಕೇಳುವುದು ಲೇಸು.

ನಮ್ಮ ಸರಕಾರದ ಸಾಮೂಹಿಕ ತಪಾಸಣೆಯು ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರುಗಳಿಗೆ ಸಂಬಂಧಿಸಿದ್ದು, ಪ್ರಾಸ್ಟೇಟ್ ಅದರಲ್ಲಿಲ್ಲ. ಪುರುಷನು ತಾನಾಗಿ ಬಾಯಿಬಿಟ್ಟು ಕೇಳಿದರೇ ಉಂಟು. ಇಷ್ಟಲಿಂಗವನ್ನು ಧರಿಸಿದ ಕಾಯವನ್ನು ಪವಿತ್ರವೆನ್ನುವ ನಾವು, ಅದರ ಒಂದು ಅಂಗದ ಹೆಸರೆತ್ತಲು ನಾಚುವುದು ಯಾವ ನ್ಯಾಯ?

ನಾವೂ ಸಂಕೋಚ ಬಿಟ್ಟು ವೈದ್ಯರನ್ನು ಕಂಡೆವು. ನಮ್ಮದು ಸಾದಾ ಉಬ್ಬೆಂದು ತಿಳಿಯಿತು. ಹೊನವಾಡದ ಶರಣರಿಗೆ ಪುರುಷ ಹಾರ್ಮೋನನ್ನು ತಗ್ಗಿಸುವ ಚಿಕಿತ್ಸೆ ನಡೆದಿದೆ, ನೋವು ಇಳಿದಿದೆ. ಮೊನ್ನೆ ಅವರೇ ತಮ್ಮ ಇಬ್ಬರು ಮಕ್ಕಳನ್ನು ಎದುರಿಗೆ ಕೂಡಿಸಿಕೊಂಡು, "ನೀವು ನನ್ನಂಗ ಮುಚ್ಚಿಡಬ್ಯಾಡ್ರಿ" ಎಂದರು. ಈ ಮಾತು ನಿಮ್ಮ ಮನೆಯ ಪಡಸಾಲೆಯಲ್ಲಿಯೂ ನಡೆಯಲಿ.